ಹತ್ತು ವರ್ಷದ ವೀಸಾ, ಆರು ತಿಂಗಳ ತಾರೀಖು

ಬೆಂಗಳೂರಿನ ಮೂಡಲಪಾಳ್ಯ, ಚಂದ್ರಾ ಲೇಔಟ್, ನಾಗರಭಾವಿ ಕಡೆಯ ಮನೆಗಳಲ್ಲಿ ಅಮೆರಿಕದ ವೀಸಾ ಸಿಕ್ಕಿದ ದಿನ ಮೊದಲು ಕೇಳಿಬರುವ ಮಾತು, "ಹತ್ತು ವರ್ಷಕ್ಕೆ ಕೊಟ್ಟಿದ್ದಾರೆ." ಅಪ್ಪ ಅಮ್ಮ ಇಬ್ಬರೂ ಚೆನ್ನೈಗೋ ಹೈದರಾಬಾದಿಗೋ ಹೋಗಿ ಬೆರಳಚ್ಚು ಕೊಟ್ಟು, ಕಾನ್ಸುಲೇಟಿನ ಕಿಟಕಿಯ ಮುಂದೆ ಎರಡು ನಿಮಿಷ ನಿಂತು, ಪಾಸ್‌ಪೋರ್ಟ್ ಅಲ್ಲೇ ಬಿಟ್ಟು ಬಂದಿರುತ್ತಾರೆ. ಆ ಹತ್ತು ವರ್ಷ ಸುಳ್ಳಲ್ಲ. ಆದರೆ ಅದು ಆ ದೇಶದಲ್ಲಿ ಇರಲು ಕೊಟ್ಟ ಅವಧಿಯಲ್ಲ. ಹತ್ತು ವರ್ಷದೊಳಗೆ ಎಷ್ಟು ಸಲ ಬೇಕಾದರೂ ಅವರ ಗಡಿಯ ತನಕ ಬಂದು ಒಳಗೆ ಬಿಡಿ ಎಂದು ಕೇಳಬಹುದು, ಅಷ್ಟೇ ಅದರ ಅರ್ಥ. ಬಿಡಬೇಕೋ ಬೇಡವೋ, ಬಿಟ್ಟರೆ ಯಾವ ದಿನದವರೆಗೆ ಎನ್ನುವುದನ್ನು ವಿಮಾನ ಇಳಿದ ಮೇಲೆ ಕೌಂಟರಿನಲ್ಲಿ ಕೂತ ಇಮಿಗ್ರೇಷನ್ ಅಧಿಕಾರಿ ತೀರ್ಮಾನಿಸುತ್ತಾರೆ. ವೀಸಾದ ಮೇಲೆ ಒಂದು ತಾರೀಖು, ಅಧಿಕಾರಿ ಬರೆಯುವುದು ಇನ್ನೊಂದು ತಾರೀಖು. ಪಾಲಿಸಬೇಕಾದದ್ದು ಎರಡನೆಯದನ್ನು.

ಇದನ್ನು ತಿಳಿಯಬೇಕಾದವರು ಮಕ್ಕಳಲ್ಲ, ಹೊರಟವರೇ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ನಮ್ಮ ಕಡೆ ನಡೆಯುವುದು ಅದಕ್ಕೆ ತದ್ವಿರುದ್ಧ. ಡಿಎಸ್-160 ಎಂಬ ವೀಸಾ ಅರ್ಜಿಯನ್ನು ಅಲ್ಲಿಂದ ಮಗ ತುಂಬುತ್ತಾನೆ. ಟಿಕೆಟ್ ಮಗಳು ಕಳಿಸುತ್ತಾಳೆ. ಇನ್ಷೂರೆನ್ಸ್ ಅಳಿಯ ಮಾಡಿಸುತ್ತಾನೆ. ಮುಖ್ಯ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವನ್ನೂ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಫೈಲಿಗೆ ಸೇರಿಸಿ ಅಮ್ಮನ ಕೈಗೆ ಕೊಟ್ಟು, "ನೀನೇನೂ ಮಾತಾಡ್ಬೇಡಮ್ಮ, ಕೇಳಿದ್ರೆ ಈ ಫೈಲ್ ಕೊಡು ಸಾಕು" ಎನ್ನುತ್ತಾರೆ. ಆದರೆ ಆ ಕೌಂಟರಿನಲ್ಲಿ ಅಧಿಕಾರಿ ಫೈಲನ್ನು ಮುಟ್ಟುವುದೇ ಅಪರೂಪ. ಅವರು ಎದುರಿಗಿರುವವರ ಮುಖ ನೋಡಿ, ಅವರ ಬಾಯಿಂದಲೇ ಕೇಳುತ್ತಾರೆ.

ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಪಾಳ್ಯದ ಸುತ್ತ ಕಾರ್ಖಾನೆ ನೌಕರರು, ಮೇಷ್ಟ್ರುಗಳು, ಸರ್ಕಾರಿ ಗುಮಾಸ್ತರು ಸೈಟು ಕೊಂಡು ಮನೆ ಕಟ್ಟಿದರು. ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದರು. ಮಕ್ಕಳು ಹೋದರು, ಅವರ ಹಿಂದೆ ಬಾಣಂತನವೂ ಸಮುದ್ರ ದಾಟಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮಕ್ಕಳ ಮನೆಗೆ ಹೋಗಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದು ಅಂಥ ಪ್ರವಾಸ ಪುಸ್ತಕಕ್ಕೆ ವಸ್ತುವಾಗುವಷ್ಟು ವಿರಳ. ಇಂದು ಒಂದೇ ರಸ್ತೆಯಲ್ಲಿ ನಾಲ್ಕು ಮನೆಯವರು ಹೋಗಿ ಬಂದಿರುತ್ತಾರೆ. ಮೊದಲು ಹೆಣ್ಣಿನ ತಾಯಿ ಹೋಗುವುದು, ಅವರು ಮರಳುವ ಹೊತ್ತಿಗೆ ಗಂಡಿನ ಕಡೆಯವರು ಹೊರಡುವುದು ಎಂಬ ಪಾಳಿ ಮನೆಮನೆಯಲ್ಲೂ ಗೊತ್ತು. ಆ ಪಾಳಿಯ ಲೆಕ್ಕ ಆರು ತಿಂಗಳಿಗೆ ಸರಿಹೊಂದುವಂತೆ ಇರುವುದು ಆಕಸ್ಮಿಕವೇನಲ್ಲ. ಅಮೆರಿಕದ ಸಂದರ್ಶಕ ವೀಸಾದಲ್ಲಿ ಬಂದವರಿಗೆ ಅಲ್ಲಿನ ಅಧಿಕಾರಿಗಳು ಸಾಮಾನ್ಯವಾಗಿ ಕೊಡುವುದು ಅಷ್ಟೇ.

ಸಾಮಾನ್ಯವಾಗಿ ಎಂದೆ. ಕಡಿಮೆ ಕೊಡುವ ಅಧಿಕಾರವೂ ಅವರಿಗಿದೆ. ಕೊಟ್ಟದ್ದೆಷ್ಟು ಎಂಬುದು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಹಿಂದೆ ಅದು ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಳಿ ಚೀಟಿಯಾಗಿತ್ತು. 2013ರಿಂದ ವಿಮಾನದಲ್ಲಿ ಬರುವವರಿಗೆ ಆ ಚೀಟಿ ಕೊಡುವುದು ನಿಂತಿತು, ದಾಖಲೆ ಕಂಪ್ಯೂಟರಿಗೆ ಹೋಯಿತು. ಕಣ್ಣಿಗೆ ಕಾಣುವ ಚೀಟಿ ಇಲ್ಲದ್ದರಿಂದಲೇ ಈಗ ಗೊಂದಲ ಹೆಚ್ಚು. ಮನೆ ಸೇರಿ ಎರಡು ದಿನದೊಳಗೆ ಮಗಳ ಲ್ಯಾಪ್‌ಟಾಪಿನಲ್ಲಿ ಅಮೆರಿಕದ ಗಡಿ ಇಲಾಖೆಯ ಜಾಲತಾಣ ತೆರೆಸಿ ನಿಮ್ಮ ಐ-94 ತೆಗೆಸಿ ನೋಡಿ. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಯಾವ ವರ್ಗದಲ್ಲಿ ಬಿಟ್ಟಿದ್ದಾರೆ, ಯಾವ ದಿನದವರೆಗೆ, ಈ ನಾಲ್ಕನ್ನು ನೋಡಿ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಪ್ಪಿದ್ದರೆ ಆಗಲೇ ಸರಿಪಡಿಸಿಕೊಳ್ಳಬಹುದು. ಅದಕ್ಕೆಂದೇ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಗಡಿ ಇಲಾಖೆಯ ಕಚೇರಿಗಳಿವೆ. ಹೊರಡುವ ವಾರ ನೋಡಿದರೆ ಪ್ರಯೋಜನವಿಲ್ಲ.

ಆರು ತಿಂಗಳ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ನವೆಂಬರ್ 5ಕ್ಕೆ ಇಳಿದವರಿಗೆ ಮೇ 4ರವರೆಗೆ ಅನುಮತಿ ಇದೆ ಎಂದುಕೊಳ್ಳೋಣ. ಮಗ ಮೇ 4ರ ರಾತ್ರಿ ವಿಮಾನ ಎಂದು ಹೇಳಿ ಟಿಕೆಟ್ ಮಾಡಿರುತ್ತಾನೆ. ಆದರೆ ಆ ವಿಮಾನ ಹೊರಡುವುದು ನಡುರಾತ್ರಿ ದಾಟಿ 12.40ಕ್ಕೆ. ಅಂದರೆ ಮೇ 5. ನೀವು ಮೇ 4ರ ಸಂಜೆಯೇ ನಿಲ್ದಾಣದೊಳಗೆ ಕೂತಿದ್ದರೂ ದಾಖಲೆಯಲ್ಲಿ ಒಂದು ದಿನ ಹೆಚ್ಚು ಇದ್ದ ಹಾಗೆ. ಅವರ ವಲಸೆ ಕಾನೂನಿನ 222(ಜಿ) ಕಲಮಿನ ಪ್ರಕಾರ ಅನುಮತಿಯ ಅವಧಿ ಮೀರಿದರೆ, ಯಾವ ವೀಸಾದಲ್ಲಿ ಬಂದಿದ್ದರೋ ಆ ವೀಸಾ ರದ್ದಾಗುತ್ತದೆ. ಹತ್ತು ವರ್ಷದ ವೀಸಾದಲ್ಲಿ ಒಂಬತ್ತು ವರ್ಷ ಉಳಿದಿದ್ದರೂ ಅಷ್ಟೇ. ಬೆಂಗಳೂರಿನಿಂದ ಹೊರಡುವ ಅಂತಾರಾಷ್ಟ್ರೀಯ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ಆಸುಪಾಸಿನವು, ಮರಳುವಾಗಲೂ ಇಂಥವು ಸಿಗುತ್ತವೆ. ಟಿಕೆಟಿನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ನೋಡಿ, ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಹೊರಡುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ಹಿಮ ಬಿದ್ದು ವಿಮಾನ ರದ್ದಾದರೂ ಆಗ ಉಸಿರಾಡಲು ಜಾಗವಿರುತ್ತದೆ.

ಹೆಚ್ಚು ದಿನ ಇದ್ದುಬಿಟ್ಟರೆ ಶಿಕ್ಷೆ ಏರುತ್ತಾ ಹೋಗುತ್ತದೆ. 1996ರಲ್ಲಿ ಅಮೆರಿಕ ಮಾಡಿದ ಕಾನೂನಿನ ಪ್ರಕಾರ, ಅನುಮತಿ ಮುಗಿದ ಮೇಲೆ 180 ದಿನಕ್ಕಿಂತ ಹೆಚ್ಚು ಇದ್ದು ಹೊರಟವರು ಮೂರು ವರ್ಷ ಮರಳುವಂತಿಲ್ಲ. ಒಂದು ವರ್ಷ ಅಥವಾ ಹೆಚ್ಚು ಇದ್ದವರು ಹತ್ತು ವರ್ಷ. ಎಪ್ಪತ್ತು ದಾಟಿದ ತಾಯಿಗೆ ಹತ್ತು ವರ್ಷ ಬರಬೇಡ ಎಂದರೆ ಮಗಳ ಮನೆಯನ್ನು ಇನ್ನು ನೋಡಬೇಡ ಎಂದ ಹಾಗೆಯೇ. ನಿಜವಾದ ಕಾರಣವಿದ್ದರೆ, ಕಾಲು ಮುರಿದಿದ್ದರೆ, ಮಗಳ ಆರೋಗ್ಯ ಕೆಟ್ಟಿದ್ದರೆ, ತಾರೀಖು ಮುಗಿಯುವ ಮೊದಲೇ ಐ-539 ಎಂಬ ಅರ್ಜಿ ಹಾಕಿ ಹೆಚ್ಚುವರಿ ಅವಧಿ ಕೇಳಬಹುದು. ಮೊದಲೇ ಎಂಬುದು ಮುಖ್ಯ. ಅರ್ಜಿ ತಿರಸ್ಕಾರವಾದರೆ ತಡಮಾಡದೆ ಹೊರಡಬೇಕು. 2020ರ ಮಾರ್ಚಿನಲ್ಲಿ ಭಾರತ ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದಾಗ ಮಕ್ಕಳ ಮನೆಯಲ್ಲಿ ಸಿಕ್ಕಿಕೊಂಡ ಹಿರಿಯರಿಗೆ ದಾರಿ ತೋರಿಸಿದ್ದು ಈ ಅರ್ಜಿಯೇ. ಮೇ 7ರಂದು, ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಯೋಜನೆಯ ವಿಮಾನಗಳು ಶುರುವಾದವು. ನಿಗದಿತ ಅಂತಾರಾಷ್ಟ್ರೀಯ ಸಂಚಾರ ಪೂರ್ತಿ ಮರಳಿದ್ದು 2022ರ ಮಾರ್ಚ್ 27ಕ್ಕೆ. ರಕ್ತದೊತ್ತಡದ ಮಾತ್ರೆ ಮುಗಿದು, ಅಲ್ಲಿನ ವೈದ್ಯರ ಚೀಟಿ ಇಲ್ಲದೆ ಔಷಧಿ ಸಿಗದೆ, ಇತ್ತ ತಾರೀಖೂ ಮುಗಿಯುತ್ತಾ ಬಂದು ಆ ಹಿರಿಯರು ಪಟ್ಟ ಆತಂಕ ಸಣ್ಣದಲ್ಲ. ಗಡುವಿಗೆ ಮೊದಲೇ ಅರ್ಜಿ ಹಾಕಿದ್ದವರಿಗೆ ದಾಖಲೆಯ ಚಿಂತೆಯಾದರೂ ತಪ್ಪಿತು.

ಯೂರೋಪಿನದು ಬೇರೆಯೇ ಗಣಿತ. ಜರ್ಮನಿ, ನೆದರ್ಲೆಂಡ್ಸ್, ಫ್ರಾನ್ಸ್ ಸೇರಿದಂತೆ 29 ದೇಶಗಳ ಷೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳ ಕಿಟಕಿಯೊಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಈ ಕಿಟಕಿ ಜನವರಿಯಿಂದ ಜೂನ್ ಎಂದು ಒಂದೆಡೆ ನಿಂತಿರುವುದಲ್ಲ, ದಿನದಿನವೂ ಮುಂದೆ ಸರಿಯುತ್ತದೆ. ಇಳಿದ ದಿನವೂ ಒಂದು, ಹೊರಟ ದಿನವೂ ಒಂದು. ಏಪ್ರಿಲ್ 1ಕ್ಕೆ ಮ್ಯೂನಿಕ್‌ನಲ್ಲಿ ಇಳಿದ ತಂದೆ ತಾಯಿ ಎಡೆಬಿಡದೆ ಇದ್ದರೆ ಏಪ್ರಿಲ್‌ನ 30, ಮೇ ತಿಂಗಳ 31, ಜೂನ್‌ನ 29 ಸೇರಿ ತೊಂಬತ್ತಾಗುತ್ತದೆ. ಜೂನ್ 29ರೊಳಗೆ ಅವರು ಹೊರಗಿರಬೇಕು. ಮತ್ತೆ ಪೂರ್ತಿ ತೊಂಬತ್ತು ದಿನ ಸಿಗುವುದು ಸೆಪ್ಟೆಂಬರ್ 28ರಿಂದ. ನಡುವೆ ಎರಡು ವಾರ ಸ್ವಿಟ್ಜರ್ಲೆಂಡಿಗೆ ಹೋಗಿದ್ದೆವು, ಅದು ಜರ್ಮನಿಯ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಬರುತ್ತದೆ, ಆ ವಲಯವೆಲ್ಲ ಒಂದೇ ಅಂಗಳ. ಲಂಡನ್ ಮಾತ್ರ ಅದರ ಹೊರಗೆ. ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ಹೋದವರು ನಾಲ್ಕು ದಿನ ಲಂಡನ್ ನೋಡಿ ಪ್ಯಾರಿಸ್ಸಿಗೆ ಮರಳುತ್ತೇವೆಂದರೆ ಗಡಿಯಲ್ಲೇ ನಿಲ್ಲಿಸುತ್ತಾರೆ.

ಷೆಂಗೆನ್ ವೀಸಾ ಚೀಟಿಯ ಮೇಲೆ ಇಂತಿಂಥ ತಾರೀಖಿನಿಂದ ಇಂತಿಂಥ ತಾರೀಖಿನವರೆಗೆ ಎಂದಿದ್ದು, ಪಕ್ಕದಲ್ಲಿ ಇರಬಹುದಾದ ದಿನಗಳು 15 ಎಂದು ಬೇರೆ ಅಂಕಿ ಇರುತ್ತದೆ. ಆ ಸಣ್ಣ ಅಂಕಿಯನ್ನೇ ನೋಡಬೇಕು. 2025ರ ಅಕ್ಟೋಬರ್ 12ರಿಂದ ಅವರು ಪಾಸ್‌ಪೋರ್ಟಿಗೆ ಮೊಹರು ಒತ್ತುವ ಬದಲು ಮುಖ, ಬೆರಳಚ್ಚು ತೆಗೆದು ಬಂದ ದಿನ ಹೋದ ದಿನವನ್ನು ಕಂಪ್ಯೂಟರಿಗೆ ಸೇರಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿದ್ದಾರೆ. ಮೊಹರಿನ ಶಾಯಿ ಅಳಿಸಿಹೋಗಿ ದಿನ ಲೆಕ್ಕ ತಪ್ಪುವ ಕಾಲ ಮುಗಿಯಿತು. ಇದರಲ್ಲಿ ನಮಗೆ ಲಾಭವೂ ಇದೆ. 2024ರ ಏಪ್ರಿಲ್‌ನಲ್ಲಿ ಯೂರೋಪಿಯನ್ ಒಕ್ಕೂಟ ಭಾರತೀಯರಿಗೆಂದೇ ಮಾಡಿದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾಗಳನ್ನು ನಿಯಮ ಮೀರದೆ ಬಳಸಿದವರು ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ ವೀಸಾ ಪಡೆಯಬಹುದು. ಗಡುವಿಗೆ ಮೊದಲೇ ಹೊರಟವರ ನಡತೆ ಈಗ ದಾಖಲೆಯಲ್ಲಿ ಉಳಿಯುತ್ತದೆ.

ಥಾಯ್ಲೆಂಡ್, ಮಲೇಷ್ಯಾ ಪ್ರವಾಸಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ವೀಸಾ ಬೇಡ ಎಂಬ ಜಾಹೀರಾತಿನ ಅರ್ಥ ಅಧಿಕಾರಿ ಇಲ್ಲ ಎಂದಲ್ಲ. ಮರಳುವ ಟಿಕೆಟ್, ಹೋಟೆಲಿನ ವಿಳಾಸ, ಕೈಯಲ್ಲಿ ಖರ್ಚಿಗೆ ಹಣ ಕೇಳುತ್ತಾರೆ. ಥಾಯ್ಲೆಂಡಿನಲ್ಲಿ ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ಎಷ್ಟು ದಿನ ಎಂಬ ನಿಯಮವನ್ನು ಈ ದೇಶಗಳು ಆಗಾಗ ಬದಲಿಸುತ್ತಿರುವುದರಿಂದ ಹೋದ ವರ್ಷ ಹೋಗಿಬಂದ ಪಕ್ಕದ ಮನೆಯವರ ಮಾತನ್ನು ನಂಬದೆ ಆಯಾ ದೇಶದ ರಾಯಭಾರ ಕಚೇರಿಯ ಪುಟವನ್ನೇ ನೋಡಬೇಕು.

ಇನ್ನು ಕೌಂಟರಿನ ಮಾತು. ಮೊದಲು ಗೊತ್ತಿರಬೇಕಾದ್ದು, ಆ ಕೌಂಟರು ಅಮೆರಿಕದಲ್ಲೇ ಇರಬೇಕೆಂದಿಲ್ಲ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಗಡಿ ಅಧಿಕಾರಿಗಳು ಕೂತಿದ್ದಾರೆ. ಬೆಂಗಳೂರಿನಿಂದ ಆ ದಾರಿಯಲ್ಲಿ ಹೋಗುವವರು ಅರಬ್ಬರ ನಾಡಿನಲ್ಲೇ ಅಮೆರಿಕದ ತಪಾಸಣೆ ಮುಗಿಸುತ್ತಾರೆ. ಇನ್ನೂ ಮೊದಲಿನ ತಪಾಸಣೆ ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಆಗುತ್ತದೆ. ವಿಮಾನ ಕಂಪನಿಯ ಕೌಂಟರಿನಲ್ಲಿ ಬ್ಯಾಗು ತೂಗುವವರು ನಿಮ್ಮ ವೀಸಾ, ಪಾಸ್‌ಪೋರ್ಟಿನ ಅವಧಿ, ಮರಳುವ ಟಿಕೆಟ್ ನೋಡುವುದು ಸುಮ್ಮನೆ ಅಲ್ಲ. ದಾಖಲೆ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ದಂಡ ಕಟ್ಟಿ ವಾಪಸು ಕರೆತರಬೇಕಾದವರು ಅವರು. ಅನೇಕ ದೇಶಗಳು ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳು ಉಳಿದಿರಬೇಕೆಂದು ಕೇಳುತ್ತವೆ. ಹಳೆಯ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಜೀವಂತವಿದ್ದರೆ ಹೊಸದರ ಜೊತೆ ಹಳೆಯದನ್ನೂ ಕೈಯಲ್ಲೇ ಇಟ್ಟುಕೊಳ್ಳಬೇಕು. ಅದನ್ನು ಬೀರುವಿನಲ್ಲಿಟ್ಟು ಹೋದವರು ಆ ರಾತ್ರಿ ಟ್ಯಾಕ್ಸಿ ಓಡಿಸಿಕೊಂಡು ಮೂಡಲಪಾಳ್ಯಕ್ಕೆ ಮರಳಿದರೆ ವಿಮಾನ ಸಿಗುವುದಿಲ್ಲ.

ಅಧಿಕಾರಿ ಕೇಳುವುದು ನಾಲ್ಕೈದು ಪ್ರಶ್ನೆ. ಯಾಕೆ ಬಂದಿರಿ, ಯಾರ ಮನೆಗೆ, ಅವರು ಏನು ಕೆಲಸ ಮಾಡುತ್ತಾರೆ, ಎಷ್ಟು ದಿನ ಇರುತ್ತೀರಿ, ಊರಲ್ಲಿ ನಿಮಗೆ ಯಾರಿದ್ದಾರೆ. ಕೇಳುವಾಗ ಅವರ ಮನಸ್ಸಿನಲ್ಲಿರುವುದು ಎರಡೇ ಅನುಮಾನ: ಇವರು ಇಲ್ಲೇ ಉಳಿದುಬಿಡುತ್ತಾರೋ, ಇಲ್ಲಿ ದುಡಿಯುತ್ತಾರೋ. ಮಗಳ ಬಾಣಂತನಕ್ಕೆ ಹೋಗುವುದು, ಮೊಮ್ಮಗುವನ್ನು ಎತ್ತಿ ಆಡಿಸುವುದು ತಪ್ಪೇನಲ್ಲ. ಸಂದರ್ಶಕ ವೀಸಾ ಇರುವುದೇ ಬಂಧುಗಳನ್ನು ನೋಡಿಬರಲು. ಆದರೆ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುತ್ತಾರೆ, ಡೇ ಕೇರ್ ದುಬಾರಿ, ಅದಕ್ಕೆ ಅಮ್ಮನನ್ನು ಕರೆಸಿಕೊಂಡಿದ್ದೇವೆ ಎಂಬ ಏರ್ಪಾಟು ಅಧಿಕಾರಿಗೆ ಬೇರೆಯಾಗಿಯೇ ಕಾಣುತ್ತದೆ. ಫೋನ್ ಕೇಳಿ ಪಡೆದು ನೋಡುವ ಅಧಿಕಾರವೂ ಅವರಿಗಿದೆ. ಆದ್ದರಿಂದ ಮಕ್ಕಳಿಗೆ ನಾನು ಹೇಳುವುದು, ತಾಯಿಯನ್ನು ಕರೆಸಿಕೊಳ್ಳುವ ಕಾರಣವನ್ನು ನಿಮ್ಮೊಳಗೇ ಪ್ರಾಮಾಣಿಕವಾಗಿ ಇಟ್ಟುಕೊಳ್ಳಿ. ಆಗ ಆಕೆ ಕೌಂಟರಿನಲ್ಲಿ ನಿಜ ಹೇಳಲು ಹೆದರಬೇಕಾಗುವುದಿಲ್ಲ.

ಏಜೆಂಟರು ಬಾಯಿಪಾಠ ಮಾಡಿಸುವ ಉತ್ತರಗಳಿಂದ ಆಗುವ ಹಾನಿಯೇ ಹೆಚ್ಚು. ವೀಸಾ ಸಂದರ್ಶನದಲ್ಲಿ ಮೂರು ವಾರ ಎಂದಿರುತ್ತಾರೆ, ಟಿಕೆಟ್ ಐದೂವರೆ ತಿಂಗಳಿನದಾಗಿರುತ್ತದೆ. ಅರ್ಜಿಯಲ್ಲಿ ಏನು ಬರೆದಿದೆಯೋ ಅದರ ಒಂದು ಪ್ರತಿಯನ್ನು ಮಗನಿಂದ ತರಿಸಿಕೊಂಡು ಕನ್ನಡದಲ್ಲಿ ಓದಿಸಿಕೊಳ್ಳಿ. ಮಗಳ ಮನೆಯ ವಿಳಾಸ, ಫೋನ್ ನಂಬರು, ಮರಳುವ ತಾರೀಖು ಮೂರನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಿ. ಫೋನಿನ ಚಾರ್ಜ್ ಮುಗಿದಿರುತ್ತದೆ, ಅಲ್ಲಿ ವೈಫೈ ಸಿಗದಿರಬಹುದು. ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ, ಕನ್ನಡ ಎಂದು ಹೇಳಿ. ದುಭಾಷಿಯನ್ನು ಕೇಳುವುದು ಅಪರಾಧವಲ್ಲ, ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಿ ಹೂಂ ಎನ್ನುವುದೇ ಅಪಾಯ. ಬ್ಯಾಗಿನ ವಿಷಯದಲ್ಲೂ ಹೀಗೆಯೇ. ಹಸಿ ಕರಿಬೇವು ಅಮೆರಿಕಕ್ಕೆ ನಿಷಿದ್ಧ, ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಬಾಣಂತಿ ಲೇಹ್ಯ, ಒಣಕೊಬ್ಬರಿ, ಹುರಿಟ್ಟು ಇವೆಯೆಂದು ಮೊದಲೇ ಹೇಳಿಬಿಟ್ಟರೆ ಬೇಡವಾದದ್ದನ್ನು ತೆಗೆದಿಟ್ಟು ಕಳಿಸುತ್ತಾರೆ. ಇಲ್ಲವೆಂದು ಹೇಳಿ ಸಿಕ್ಕಿಬಿದ್ದರೆ ದಂಡ. ಆಸ್ಟ್ರೇಲಿಯಾದಲ್ಲಂತೂ 2019ರಿಂದ ಇಂಥ ಸುಳ್ಳಿಗೆ ಸಂದರ್ಶಕರ ವೀಸಾವನ್ನೇ ರದ್ದು ಮಾಡುವ ಅವಕಾಶವಿದೆ.

ಅಮೆರಿಕದ ಕೌಂಟರಿನಿಂದ ಒಳಗಿನ ಕೋಣೆಗೆ ಕರೆದರೆ ಗಾಬರಿಯಾಗಬೇಡಿ. ಅಲ್ಲಿಗೆ ಹೋದವರಲ್ಲಿ ಅನೇಕರು ದಾಖಲೆ ಸರಿಹೋದ ಮೇಲೆ ಹೊರಗೆ ಬರುತ್ತಾರೆ. ಒಳಗೆ ಬಿಡುವುದಿಲ್ಲ ಎಂದೇ ಆದರೆ ಎರಡು ಬಗೆ ಇದೆ ಎಂದು ತಿಳಿದಿರಿ. ಅವರಾಗಿ ಹೊರಹಾಕುವ ಆದೇಶ ಮಾಡಿದರೆ ಐದು ವರ್ಷದ ನಿಷೇಧ ಬೀಳುತ್ತದೆ. ನಾನೇ ಪ್ರವೇಶದ ಕೋರಿಕೆ ಹಿಂತೆಗೆದುಕೊಂಡು ಮರಳುತ್ತೇನೆ ಎಂದು ಕೇಳಿ, ಅವರು ಒಪ್ಪಿದರೆ ಆ ನಿಷೇಧ ಇರುವುದಿಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ಹೇಳಿಸಿಕೊಳ್ಳಿ. ಬಂಧನದಲ್ಲಿಟ್ಟರೆ ನಮ್ಮ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ.

ನಮ್ಮವರನ್ನು ವಿಶೇಷವಾಗಿ ಕಾಡುವುದು ಹೆಸರು. ಹಳೇ ಮೈಸೂರಿನ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಊರಿನ ಅಕ್ಷರ, ತಂದೆಯ ಅಕ್ಷರ, ಮುಂದೆ ನಾಗರಾಜಯ್ಯ ಎಂದೋ ಪುಟ್ಟಲಕ್ಷ್ಮಮ್ಮ ಎಂದೋ ಒಂದು ಹೆಸರು. ಪಾಸ್‌ಪೋರ್ಟಿನಲ್ಲಿ ಮನೆತನದ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಆ ಒಂದು ಹೆಸರು ಮನೆತನದ ಜಾಗಕ್ಕೆ ಹೋಗಿ, ನಿಜವಾದ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರರ್ಥ. ವಿಮಾನದ ಟಿಕೆಟ್ಟಿನಲ್ಲಿ ಒಂದು ಬಗೆ, ವೀಸಾದಲ್ಲಿ ಇನ್ನೊಂದು ಬಗೆ, ಐ-94 ಹುಡುಕುವಾಗ ಮತ್ತೊಂದು ಬಗೆಯಾಗಿ, ಎಪ್ಪತ್ತು ವರ್ಷ ಒಂದೇ ಹೆಸರಿನಲ್ಲಿ ಬಾಳಿದ ಹೆಂಗಸು ಕೌಂಟರಿನಲ್ಲಿ ನಾನು ನಾನೇ ಎಂದು ಸಾಬೀತು ಮಾಡಬೇಕಾಗುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿರುವ ಪಾಸ್‌ಪೋರ್ಟಿನವರನ್ನು ಸಂದರ್ಶಕ ವೀಸಾದಲ್ಲಿ ಬಿಡುವುದಿಲ್ಲವೆಂದು ವಿಮಾನ ಕಂಪನಿಗಳಿಗೆ ತಿಳಿಸಿದಾಗ ದಕ್ಷಿಣದವರೇ ಹೆಚ್ಚು ಪೇಚಾಡಿದ್ದು.

ಪಾಸ್‌ಪೋರ್ಟ್ ಮಾಡಿಸುವಾಗಲೇ ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ತಂದೆಯ ಅಥವಾ ಗಂಡನ ಹೆಸರನ್ನು ಮನೆತನದ ಜಾಗಕ್ಕೆ ಬಿಡಿಸಿ ಬರೆಸಿದರೆ ಮುಂದಿನ ಎಷ್ಟೋ ತಾಪತ್ರಯ ತಪ್ಪುತ್ತದೆ. ಆಧಾರಿನಲ್ಲೂ ಅದೇ ಕಾಗುಣಿತ ಇರಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದ ಹುಟ್ಟಿದ ದಿನವೇ ಎಲ್ಲ ದಾಖಲೆಗಳಲ್ಲಿ ಇದ್ದರೆ ಅದನ್ನೇ ಹೇಳಬೇಕು. ಅಧಿಕಾರಿ ಕೇಳಿದಾಗ ನಿಜವಾಗಿ ಹುಟ್ಟಿದ್ದು ಶ್ರಾವಣದಲ್ಲಿ ಎಂದು ವಿವರಿಸಲು ಹೋದರೆ ಸಂಶಯ ಬೆಳೆಯುತ್ತದೆ.

ಇಷ್ಟೆಲ್ಲ ಅಧಿಕಾರ ಆ ಕೌಂಟರಿನ ಅಧಿಕಾರಿಗಳಿಗೇಕೆ ಎಂದು ಕೇಳುವುದು ಸಹಜ. ಇದಕ್ಕೆ ಉತ್ತರ ನಮ್ಮ ನ್ಯಾಯಾಲಯಗಳ ಚರಿತ್ರೆಯಲ್ಲೂ ಇದೆ. 1967ಕ್ಕೆ ಮೊದಲು ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಹೇಳಿದ ಮೊದಲ ಕೆಲವು ಹೈಕೋರ್ಟುಗಳಲ್ಲಿ ನಮ್ಮ ಮೈಸೂರು ಹೈಕೋರ್ಟ್ ಒಂದು, 1965ರಲ್ಲಿ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಮಾತನ್ನು ಎತ್ತಿಹಿಡಿಯಿತು. ಅದೇ ವರ್ಷ ಸಂಸತ್ತು ಪಾಸ್‌ಪೋರ್ಟ್ ಕಾಯ್ದೆ ಮಾಡಬೇಕಾಯಿತು. 1978ರ ಮೇನಕಾ ಗಾಂಧಿ ತೀರ್ಪು ಅದನ್ನು ಇನ್ನಷ್ಟು ಭದ್ರಪಡಿಸಿತು. ಆದರೆ ಆ ಹಕ್ಕು ನಮ್ಮ ಸರ್ಕಾರದ ಎದುರು ಮಾತ್ರ ನಿಲ್ಲುತ್ತದೆ. ಹೊರಡುವುದು ಹಕ್ಕು, ಹೊಗುವುದು ಅನುಮತಿ. ಇನ್ನೊಂದು ದೇಶದ ಒಳಗೆ ಕಾಲಿಡುವ ಹಕ್ಕು ಯಾವ ಪರದೇಶಿಗೂ ಇಲ್ಲ ಎಂಬುದನ್ನು ಎಲ್ಲ ದೇಶಗಳೂ ಒಪ್ಪಿವೆ, ನಮ್ಮ ದೇಶವೂ.

ಒಳಗೆ ಬಿಡುವ ಬಿಡದಿರುವ ಈ ಅಧಿಕಾರ ಎಷ್ಟು ಕಠಿಣವಾಗಬಲ್ಲದು ಎಂಬುದನ್ನು ಬೆಂಗಳೂರಿನ ವಿಮಾನ ನಿಲ್ದಾಣವೇ ಕಂಡಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ನಡೆಸಿದ ಸಂವಿಧಾನ ಸಮಾವೇಶಕ್ಕೆ ಆಹ್ವಾನ ಪಡೆದು ಲಂಡನ್ನಿನಿಂದ ಬಂದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಇಮಿಗ್ರೇಷನ್‌ನಲ್ಲೇ ತಡೆದು ವಾಪಸು ಕಳಿಸಲಾಯಿತು. ಆಗ ಅವರ ಬಳಿ ಇದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್, ಜೊತೆಗೆ ಸಾಗರೋತ್ತರ ಭಾರತೀಯರ ಕಾರ್ಡು, ಅಂದರೆ ಒಸಿಐ. ರಾಜ್ಯ ಸರ್ಕಾರದ ಆಹ್ವಾನಪತ್ರ ಕೈಯಲ್ಲಿದ್ದರೂ ಕೇಂದ್ರದ ಅಧಿಕಾರಿಗಳು ಬಿಡಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ ಎಂದು ಅವರು ಹೇಳಿದರು. ವಿದೇಶಿಯರ ಪ್ರವೇಶ ಸಾರ್ವಭೌಮ ತೀರ್ಮಾನ ಎಂದು ವಿದೇಶಾಂಗ ಇಲಾಖೆ ಉತ್ತರಿಸಿತು. ಕಾರಣ ಹೇಳದೆ ಹಿಂದಕ್ಕೆ ಕಳಿಸುವುದನ್ನು ಯಾವ ದೇಶ ಮಾಡಿದರೂ ನಾನು ಒಪ್ಪಲಾರೆ. ನಮ್ಮ ತಾಯಂದಿರಿಗೆ ಅಲ್ಲಿ ಕಾರಣ ಹೇಳಬೇಕೆಂದು ಬಯಸುವ ನಾವು ಇಲ್ಲಿಯೂ ಅದನ್ನೇ ಬಯಸಬೇಕು.

ಈ ಒಸಿಐ ಮಾತು ಮೂಡಲಪಾಳ್ಯದ ಮನೆಗಳಿಗೆ ದೂರದ್ದಲ್ಲ. ಬಾಣಂತನ ಮುಗಿಸಿ ಮರಳುವಾಗ ಮಗುವನ್ನೂ ಕೆಲವು ತಿಂಗಳ ಮಟ್ಟಿಗೆ ಅಜ್ಜಿ ತಾತನ ಜೊತೆ ಕಳಿಸುವ ಕುಟುಂಬಗಳಿವೆ. ಅಜ್ಜಿ ಭಾರತೀಯಳು, ಕೈಯಲ್ಲಿರುವ ಮಗುವಿನದು ಅಮೆರಿಕದ ಪಾಸ್‌ಪೋರ್ಟ್. ಕೆಂಪೇಗೌಡ ನಿಲ್ದಾಣದಲ್ಲಿ ಇಳಿದಾಗ ಅಜ್ಜಿ ಸ್ವದೇಶಕ್ಕೆ ಬಂದವಳು, ಮಗು ವಿದೇಶಿ. ಅದಕ್ಕೆ ಭಾರತದ ವೀಸಾ ಬೇಕು ಇಲ್ಲವೇ ಒಸಿಐ ಬೇಕು. ಒಸಿಐ ಆಗಲು ಸಮಯ ಹಿಡಿಯುವುದರಿಂದ ಇ-ಪ್ರವಾಸಿ ವೀಸಾದಲ್ಲಿ ಕರೆತರುವವರು ಹೆಚ್ಚು. ಆ ವೀಸಾದಲ್ಲಿ ಅಮೆರಿಕದ ಪ್ರಜೆ ಒಮ್ಮೆಗೆ 180 ದಿನ ಮೀರಿ ಇರುವಂತಿಲ್ಲ. ಐದು ವರ್ಷದ ವೀಸಾ ಇದ್ದರೂ ಅಷ್ಟೇ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅವಧಿ ಮೀರಿ ಇರುವುದಕ್ಕೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ ಎಂದಿದೆ. ಹಾಲುಗಲ್ಲದ ಮಗುವನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ಮರಳುವ ದಿನ ಬೆಂಗಳೂರಿನ ಇಮಿಗ್ರೇಷನ್ ಕೌಂಟರಿನಲ್ಲಿ ಮಗುವನ್ನು ತಡೆದು, ದಂಡ ಕಟ್ಟಿ ನಿರ್ಗಮನ ಪರವಾನಗಿ ತನ್ನಿ ಎನ್ನುತ್ತಾರೆ, ಟಿಕೆಟ್ ಹೋಗುತ್ತದೆ.

ಮಗುವನ್ನು ಕರೆತರುವ ಮೊದಲು ತಂದೆ ತಾಯಿ ಇಬ್ಬರ ಸಹಿಯುಳ್ಳ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರವನ್ನು ಅಜ್ಜಿಯ ಕೈಚೀಲದಲ್ಲಿಡಬೇಕು. ಇಲ್ಲಿಗೆ ಬಂದ ಮೇಲೆ ಮಗುವಿಗೆ ಜ್ವರ ಬಂತು, ಆಪರೇಷನ್ ಆಯಿತು, 180 ದಿನದೊಳಗೆ ಕಳಿಸಲಾಗದು ಎಂದಾದರೆ ಗಡುವು ಮುಗಿಯುವವರೆಗೆ ಕಾಯದೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ತಾಣದಲ್ಲಿ ಅರ್ಜಿ ಹಾಕಿ, ವೈದ್ಯರ ಪತ್ರ ಸೇರಿಸಬೇಕು. ಕರೆ ಬಂದರೆ ಹೋಗಬೇಕಾದ ಕಚೇರಿ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಮಗುವಿನ ಪಾಸ್‌ಪೋರ್ಟ್, ವೀಸಾದ ಪ್ರತಿ, ಇಳಿದ ದಿನದ ಮೊಹರಿನ ಪುಟ, ಮೂಡಲಪಾಳ್ಯದ ಮನೆಯ ವಿಳಾಸದ ದಾಖಲೆ, ಅಜ್ಜಿ ತಾತನ ಆಧಾರ್, ಆ ಒಪ್ಪಿಗೆ ಪತ್ರ, ಇಷ್ಟನ್ನೂ ಒಂದು ಸೆಟ್ ಜೆರಾಕ್ಸ್ ಮಾಡಿಸಿ ಮನೆಯಲ್ಲೇ ಇಟ್ಟುಕೊಂಡಿರಿ.